ನಾಲ್ಕು ತಾಲೂಕಿನ ಕೆಮ್ಮು

ಕೆಮ್ಮು ಎಣಿಸುವ ಕೆಲಸದಲ್ಲಿ ಏನಾದರೊಂದು ಎಡವಟ್ಟು ನಡೆಯದ ವಾರವೇ ಇಲ್ಲ. ಏನೂ ನಡೆಯದೆ ಒಂದು ವಾರ ಕಳೆಯಿತೆಂದರೆ ನನಗೇ ಅನುಮಾನ ಶುರುವಾಗುತ್ತದೆ, ಯಾರೋ ಏನೋ ಮುಚ್ಚಿಡುತ್ತಿದ್ದಾರೆ ಎಂದು.

ಹೇಳುವುದಕ್ಕೇನೋ ನನ್ನ ಕೆಲಸ ಸುಲಭದ್ದು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕು ತಾಲೂಕಿನ ಕೆಲವು ದವಾಖಾನೆಗಳನ್ನು ಆರಿಸಿಕೊಟ್ಟಿದ್ದಾರೆ. ಅಲ್ಲಿಗೆ ಜ್ವರ, ಕೆಮ್ಮು, ಗಂಟಲು ನೋವು ಅಂತ ದಿನಾ ಎಷ್ಟು ಮಂದಿ ಬಂದರು ಎಂದು ಕೇಳಿ, ಹಾಳೆಯಲ್ಲಿ ತುಂಬಿ, ಸೋಮವಾರ ಮಧ್ಯಾಹ್ನದೊಳಗೆ ಮೇಲಿನವರಿಗೆ ಕಳಿಸಬೇಕು. ಎಲ್ಲಿಯಾದರೂ ಫ್ಲೂ ಒಮ್ಮೆಲೇ ಏರಿದರೆ ಊರಿಗಿಂತ ಮೊದಲು ನನ್ನ ಹಾಳೆಗೆ ಗೊತ್ತಾಗಬೇಕು. ಇದಿಷ್ಟನ್ನು ನಮ್ಮ ಅತ್ತೆಗೆ ಒಂಬತ್ತು ವರ್ಷದಿಂದ ಬಿಡಿಸಿ ಹೇಳುತ್ತ ಬಂದಿದ್ದೇನೆ. ಮೊನ್ನೆ ಓಣಿಯ ಹೆಂಗಸೊಬ್ಬಳು ಕಟ್ಟೆಯ ಮೇಲೆ ಕುಳಿತು, "ನಿಮ್ಮ ಸೊಸಿ ದಿನಾ ಬಸ್ ಹತ್ತಿ ಎಲ್ಲಿ ಹೋಗತಾಳ್ರಿ?" ಎಂದು ಕೇಳಿದಳು. ಅತ್ತೆ, "ಮಂದಿ ಕೆಮ್ಮೂದ ಎಣಸಾಕ ಹೋಗತಾಳವಾ," ಎಂದರು. ಅವಳು ದನಿ ತಗ್ಗಿಸಿ, "ಮನಿಯಾಗ ಏನರ ಜಗಳ ಐತೇನ್ರಿ?" ಎಂದಳು.

ನನ್ನದು ಗುತ್ತಿಗೆ ನೌಕರಿ. ಪ್ರತಿ ಮಾರ್ಚಿಗೆ ಮುಗಿಯುತ್ತದೆ, ಪ್ರತಿ ಏಪ್ರಿಲ್‌ಗೆ ಹೊಸದಾಗಿ ಹುಟ್ಟುತ್ತದೆ, ನಡುವಿನ ಹದಿನೈದು ದಿನ ನನಗೆ ಅನ್ನ ಇಳಿಯುವುದಿಲ್ಲ. ಈ ವರ್ಷ ದೀಪಾವಳಿ ಮುಗಿದದ್ದೇ ನಮ್ಮ ಸಾಹೇಬರು ಕರೆದು, "ನೋಡ್ರಿ ಅಕ್ಕಾರ, ಈ ಸಲ ಮ್ಯಾಲಿಂದ ತಪಾಸಣಿ ತಂಡ ಬರತೈತಿ. ಅವರಿಗೆ ಬೇಕಾದ ಒಂದ ದವಾಖಾನಿ ಅವರ ಆರಸ್ತಾರ. ಅಲ್ಲಿ ಇದ್ದದ್ದಕ್ಕೂ ನಿಮ್ಮ ಹಾಳ್ಯಾಗ ಇದ್ದದ್ದಕ್ಕೂ ತಾಳೆ ಆತಂದ್ರ ನೀವು ಇರತೀರಿ. ಆಗಲಿಲ್ಲಂದ್ರ ಹುದ್ದೇನ ರದ್ದು," ಎಂದರು. ಅವರು ಕೆಟ್ಟವರಲ್ಲ. ಹೇಳಿ ಆದ ಮೇಲೆ ಚಹಾ ತರಿಸಿದರು. ನನಗೆ ನಲವತ್ತೆಂಟು ವರ್ಷ, ಮಂಡಿ ನೋವು ಬೇರೆ. ಕೆಮ್ಮು ಎಣಿಸುವುದನ್ನು ಬಿಟ್ಟು ಬೇರೆ ಏನನ್ನೂ ಎಣಿಸಿ ಗೊತ್ತಿಲ್ಲ. ಹೀಗಾಗಿ ತಂಡ ಬರುವುದರೊಳಗೆ ಒಂದೊಂದೇ ದವಾಖಾನೆಯ ಅಂಕಿ ಖರೇನೋ ಸುಳ್ಳೋ ನೋಡಿಬಿಡಬೇಕು ಎಂದು ಹೊರಟೆ. ಹೋಗಬಾರದಿತ್ತು.

ಬರಿಗೈಲೆ ಹೆಂಗ ಕಳಸೂದು

ಮೊದಲು ಬೈಲಹೊಂಗಲದಲ್ಲೇ ಇರುವ ಒಂದು ಖಾಸಗಿ ದವಾಖಾನೆಗೆ ಹೋದೆ. ಮನೆಯಿಂದ ನಡೆದು ಹೋಗುವಷ್ಟು ಹತ್ತಿರ, ಅದಕ್ಕೇ ವರ್ಷಗಟ್ಟಲೆ ಹೋಗಿರಲಿಲ್ಲ. ಹೋಗುವ ಅಗತ್ಯವೂ ಇರಲಿಲ್ಲ ಅನ್ನಿ. ಅಲ್ಲಿಯ ಕಂಪೌಂಡರ್ ಅಂದರೆ ಬಂಗಾರದಂಥ ಮನುಷ್ಯ. ಉಳಿದವರಿಗೆ ಹತ್ತು ಸಲ ಫೋನ್ ಮಾಡಿದರೂ ಎತ್ತುವುದಿಲ್ಲ, ಎತ್ತಿದರೂ "ಈಗ ಪೇಶಂಟ್ ಅದಾರ್ರಿ" ಅಂತ ಇಟ್ಟುಬಿಡುತ್ತಾರೆ. ಈತ ಶನಿವಾರ ಮೊದಲ ಗಂಟೆಗೇ ಎತ್ತಿ, "ಹದಿನಾಕು ಅಕ್ಕಾರ," "ಈ ವಾರ ಹನ್ನೆರಡ್ರಿ," "ಹದಿಮೂರು, ಊಟಾ ಆತ್ರಿ?" ಎಂದು ಹೇಳಿ ಮುಗಿಸುತ್ತಿದ್ದ. ಇಂಥವರು ತಾಲೂಕಿಗೆ ಇಬ್ಬರಿದ್ದರೆ ನನ್ನ ತಲೆಕೂದಲು ಇಷ್ಟು ಬೆಳ್ಳಗಾಗುತ್ತಿರಲಿಲ್ಲ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಹೋಗಿ ನೋಡಿದರೆ ಶಟರ್ ಇಳಿದಿದೆ. ಬೀಗದ ಮೇಲೆ ಧೂಳು, ಧೂಳಿನ ಮೇಲೆ ಜೇಡರ ಬಲೆ. ಪಕ್ಕದ ಬಳೆ ಅಂಗಡಿಯವನನ್ನು ಕೇಳಿದೆ.

"ಡಾಕ್ಟರ್ ಮಗಳ ಬಾಣಂತನಕ್ಕ ಹೋಗ್ಯಾರಲ್ರಿ. ಎರಡ ತಿಂಗಳ ಮ್ಯಾಲಾತು," ಎಂದ.

ನಿಂತಲ್ಲಿಯೇ ಕಂಪೌಂಡರನಿಗೆ ಫೋನ್ ಹಚ್ಚಿದೆ. ಎಂದಿನಂತೆ ಮೊದಲ ಗಂಟೆಗೇ ಎತ್ತಿದ. ಹಿಂದೆ ಎತ್ತಿನ ಕೊರಳ ಗಂಟೆ ಕೇಳಿಸುತ್ತಿತ್ತು.

"ಎಲ್ಲಿದ್ದೀರಿ?"

"ನಮ್ಮೂರಾಗ ಅದೀನ್ರಿ ಅಕ್ಕಾರ, ಹೊಲದಾಗ. ದವಾಖಾನಿ ಬಂದ್ ಐತಲ್ರಿ."

"ಎರಡು ತಿಂಗಳಿಂದ ಬಂದ್ ಇದ್ದರೆ ವಾರಾವಾರ ನಂಬರ್ ಹೆಂಗ್ರೀ ಹೇಳತಿದ್ರಿ?"

ಅವನಿಗೆ ನನ್ನ ಪ್ರಶ್ನೆಯಿಂದ ನಿಜವಾಗಿಯೂ ನೋವಾಯಿತು. "ಪಾಪ, ನೀವು ನೆನಪ ಇಟ್ಟ ಫೋನ್ ಮಾಡತೀರಿ. ಏನೂ ಇಲ್ಲಂತ ಬರಿಗೈಲೆ ಹೆಂಗ ಕಳಸೂದ್ರಿ? ಬಾಗಲಕ್ಕ ಬಂದವರಿಗೆ ಒಂದ ತಂಬಗಿ ನೀರರ ಕೊಡಬೇಕಲ್ರಿ."

"ಮತ್ತ ಹದಿನಾಕು, ಹನ್ನೆರಡು, ಹದಿಮೂರು ಅನ್ನೋದು?"

"ಬಾಳ ಹೇಳಿದ್ರ ನಿಮಗ ತ್ರಾಸ, ಕಡಿಮಿ ಹೇಳಿದ್ರ ನಿಮಗ ಬ್ಯಾಸರ. ಅದಕ್ಕ ನಡುವ ಹಿಡದ ಹೇಳತಿದ್ನಿ."

ಬೈಯಲು ಬಾಯಿ ಬರಲಿಲ್ಲ. ಇನ್ನು ಮೇಲೆ ಸೊನ್ನೆ ಇದ್ದರೆ ಸೊನ್ನೆ ಅಂತಲೇ ಹೇಳಬೇಕು, ಅದರಲ್ಲಿ ಮರ್ಯಾದೆ ಕಡಿಮೆಯಾಗುವುದಿಲ್ಲ ಎಂದು ತಿಳಿಸಿ ಹೇಳಿದೆ. ಆ ಶನಿವಾರ ಫೋನ್ ಮಾಡಿದಾಗ ಅವನ ದನಿ ಸತ್ತ ಮನೆಯಲ್ಲಿ ಮಾತಾಡುವವರ ದನಿಯಂತೆ ಇಳಿದಿತ್ತು.

"ಸೊನ್ನಿ ಐತ್ರಿ ಅಕ್ಕಾರ. ಆದ್ರ ಬ್ಯಾಸರ ಮಾಡ್ಕೋಬ್ಯಾಡ್ರಿ. ಡಾಕ್ಟರ್ ಬಂದಿಂದ ಎಲ್ಲಾ ಕೂಡಿಸಿ ಒಮ್ಮೆ ಕೊಟ್ಟಬಿಡತೇನಿ."

ಸಂತೆಯ ಜ್ವರ

ಬೈಲಹೊಂಗಲದ ಈ ಗಾಯ ಮಾಯುವುದರೊಳಗೆ ಅದೇ ತಾಲೂಕಿನ ನೇಸರಗಿಯ ಮೇಲೆ ಮೇಲಿನವರ ಕಣ್ಣು ಬಿತ್ತು. ರಾಜಧಾನಿಯಲ್ಲಿ ಕುಳಿತು ನಮ್ಮೆಲ್ಲರ ಹಾಳೆ ನೋಡುವ ಒಬ್ಬ ಹೊಸ ಅಧಿಕಾರಿ ಇದ್ದರು. ಚುರುಕು ಮನುಷ್ಯ. ಇನ್ನೂ ಯಾವುದಕ್ಕೂ ಬೇಸತ್ತಿರಲಿಲ್ಲ.

"ಮೇಡಂ, ನೇಸರಗಿಯಲ್ಲಿ ಏನೋ ನಡೀತಿದೆ," ಎಂದು ಫೋನಿನಲ್ಲಿ ಪಿಸುಗುಟ್ಟಿದರು. "ಪ್ರತಿ ವಾರ ಒಂದೇ ದಿನ ಜ್ವರ ಜಿಗಿಯುತ್ತೆ. ಮಾರನೇ ದಿನ ಪೂರ್ತಿ ಬಿದ್ದುಹೋಗುತ್ತೆ. ಯಾವ ರೋಗವೂ ಹೀಗೆ ನಡೆದುಕೊಳ್ಳಲ್ಲ."

"ಸರ್, ಅವತ್ತು ಅಲ್ಲಿ ಸಂತೆ."

"ಅಂದರೆ ಸಂತೆಯ ಗದ್ದಲದಿಂದ ಸೋಂಕು ಹರಡ್ತಿದೆ!"

"ಹಾಗಲ್ಲ ಸರ್. ಜ್ವರ ಮೊದಲೇ ಬಂದಿರುತ್ತೆ. ತೋರಿಸೋದು ಸಂತೆ ದಿನ."

ಅವರಿಗೆ ನಂಬಿಕೆಯಾಗಲಿಲ್ಲ. ತಂಡ ಬರುವ ಮೊದಲು ಇದೊಂದು ಬಗೆಹರಿಯಲೇಬೇಕು, ಇಲ್ಲದಿದ್ದರೆ ನಿಮ್ಮ ಅಂಕಿಗಳ ಮೇಲೆ ಅನುಮಾನ ಅಂತ ನಾನೇ ಬರೆಯಬೇಕಾಗುತ್ತದೆ ಎಂದು ಹೇಳಿ, ಮರುವಾರ ತಾವೇ ಇಳಿದರು. ಸಂತೆಯ ದಿನ ದವಾಖಾನೆಯ ಕಟ್ಟೆಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ಚೀಲ, ಬುಟ್ಟಿ, ಕಾಲು ಕಟ್ಟಿದ ಎರಡು ಕೋಳಿ, ನಡುನಡುವೆ ರೋಗಿಗಳು. ಅಧಿಕಾರಿ ಕಂಬಳಿ ಹೊದ್ದು ನಡುಗುತ್ತಿದ್ದ ಒಬ್ಬ ರೈತನ ಎದುರು ಕುಳಿತರು.

"ಜ್ವರ ಯಾವಾಗ ಬಂತು?"

"ನಾಕ ದಿನಾ ಆತ್ರಿ."

"ನಾಲ್ಕು ದಿನದಿಂದ ಯಾಕೆ ಬರಲಿಲ್ಲ?"

"ಸಂತಿ ಇರಲಿಲ್ಲಲ್ರಿ."

"ಜ್ವರಕ್ಕೂ ಸಂತೆಗೂ ಏನು ಸಂಬಂಧ?"

ರೈತ ನನ್ನ ಮುಖ ನೋಡಿದ, ಇವರು ಯಾವ ಊರಿನವರು ಎನ್ನುವಂತೆ. "ಒಂದ ಜ್ವರದ ಸಲುವಾಗಿ ಯಾರರ ಬಸ್ ಹತ್ತತಾರೇನ್ರಿ? ಸಂತಿಗೆ ಹೆಂಗೂ ಬರೂದ ಇರತೈತಿ. ಮೊಂಡಾದ ಕುಡಗೋಲ ಕಮ್ಮಾರನ ಕಡೆ ಹಣಸೂದಿತ್ತು, ಮೆಣಸಿನಕಾಯಿ ತಗೋಳೂದಿತ್ತು, ಡಾಕ್ಟರ್ ಕಡೆ ಸೂಜಿ ಮಾಡಸ್ಕೊಳ್ಳೂದಿತ್ತು. ಮೂರೂ ಒಮ್ಮೆ ಆಗತಾವು."

"ಸಂತೆ ಬರೋದರೊಳಗೆ ಜ್ವರ ಬಿಟ್ಟುಹೋದರೆ?"

"ಹೋದ್ರ ಏನ ಮಾಡಾಕ ಬರತೈತ್ರಿ. ಕುಡಗೋಲ ಅಷ್ಟ ಹಣಸ್ಕೊಂಡ ಹೋಗತೇನಿ."

ಅಧಿಕಾರಿ ಇದನ್ನು ಬರೆದುಕೊಂಡರು. ಅವರ ಮುಖದ ಮೇಲೆ ಮೊದಲ ಬಾರಿ ಬೇಸರದ ಒಂದು ಗೆರೆ ಕಾಣಿಸಿತು, ನನಗೆ ಒಂದು ನಮೂನೆ ಸಮಾಧಾನವಾಯಿತು. ಪಕ್ಕದಲ್ಲಿ ಗಟ್ಟಿಮುಟ್ಟಾದ ಒಬ್ಬ ಹೆಂಗಸು ಶೇಂಗಾ ತಿನ್ನುತ್ತ ಕುಳಿತಿದ್ದಳು. ನಾನು ಹಣೆ ಮುಟ್ಟಿ ನೋಡಿದರೆ ತಣ್ಣಗಿತ್ತು.

"ನಿಮಗೇನಾಗಿದೆಯಮ್ಮ?" ಎಂದು ಅಧಿಕಾರಿ ಕೇಳಿದರು.

"ಏನೂ ಆಗಿಲ್ರಿ. ಮುಂದಿನ ಸಂತಿಗೆ ನನಗ ಬರಾಕ ಆಗೂದಿಲ್ಲ. ಅದಕ್ಕ ಈಗ ಒಂದ ಸೂಜಿ ಮಾಡಸ್ಕೊಂಡ ಹೋಗೂನಂತ."

ಹನ್ನೊಂದು, ಇಪ್ಪತ್ತೊಂದು

ಹೋಗುವ ಮುನ್ನ ಆ ಅಧಿಕಾರಿಯೇ ಇನ್ನೊಂದು ಕಡ್ಡಿ ಆಡಿಸಿ ಹೋದರು. ಸವದತ್ತಿ ಕಡೆಯ ಹಳ್ಳಿಯೊಂದರ ಡಾಕ್ಟರರ ಅಂಕಿಗಳನ್ನು ಕಂಪ್ಯೂಟರ್ ಕೆಂಪು ಮಾಡಿ ತೋರಿಸುತ್ತಿದೆಯಂತೆ. ತೆಗೆದು ನೋಡಿದೆ. ಹನ್ನೊಂದು, ಇಪ್ಪತ್ತೊಂದು, ಹನ್ನೊಂದು, ಮೂವತ್ತೊಂದು, ಇಪ್ಪತ್ತೊಂದು. ವರ್ಷವಿಡೀ ಹೀಗೇ. ಇಷ್ಟು ದಿನ ನನ್ನ ಕಣ್ಣಿಗೆ ಬಿದ್ದಿರಲಿಲ್ಲ ಎಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಬಿದ್ದಿರಲಿಲ್ಲ.

ಡಾಕ್ಟರರು ಎಪ್ಪತ್ತು ದಾಟಿದ ಹಿರಿಯರು, ಹಣೆಯ ತುಂಬ ವಿಭೂತಿ. ಮೂರು ಊರಿನ ಜನಕ್ಕೆ ಅವರ ಕೈಗುಣದ ಮೇಲೆ ನಂಬಿಕೆ. ಒಳಗೆ ಕರೆದು ಕೂಡಿಸಿ, ನಾನು ಕೇಳಿದ್ದಕ್ಕೆ ಸ್ವಲ್ಪವೂ ಅಳುಕದೆ ಉತ್ತರ ಕೊಟ್ಟರು.

"ಅಲ್ಲವಾ, ಮದವ್ಯಾಗ ಮುಯ್ಯಿ-ಆಹೇರಿ ಮಾಡುವಾಗ ನೂರಾಒಂದ ರೂಪಾಯಿ ಯಾಕ ಇಡತೇವಿ? ನೂರಕ್ಕ ಯಾಕ ನಿಲ್ಲಸೂದಿಲ್ಲ?"

"ಸೊನ್ನಿಗೆ ಮುಗಸಬಾರದು ಅಂತ್ರಿ."

"ಹಾಂ. ಸೊನ್ನಿಗೆ ಮುಗಿಸಿದ್ರ ಬೆಳವಣಗಿ ನಿಲ್ಲತೈತಿ. ಒಂದ ಮ್ಯಾಲ ಇಟ್ರ ಬೆಳಕೋತ ಹೋಗತೈತಿ. ಹತ್ತ ಮಂದಿ ಬಂದ್ರ ಹನ್ನೊಂದ ಬರೀತೇನಿ. ಶುಭ."

"ಡಾಕ್ಟರ್ ಸಾಹೇಬ್ರ, ಆಹೇರಿ ಬೆಳೀಲಿ ಬೇಕಾದ್ರ. ಜ್ವರ ಯಾಕ್ರಿ ಬೆಳೀಬೇಕು?"

ಅವರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದರು. ಗೋಡೆಯ ಮೇಲಿನ ದೇವರ ಪಟ ನೋಡಿದರು. ನಾನು ಗೆದ್ದೆ ಎಂದುಕೊಂಡೆ. ತಪ್ಪು ಅರಿತ ಹಿರಿಯರನ್ನು ನೋಡುವುದು ಕಷ್ಟ, ನಾನೂ ತಲೆ ತಗ್ಗಿಸಿದೆ.

"ಖರೇ ಐತಿ ನೀ ಹೇಳೂದು. ಇಷ್ಟ ವರ್ಷ ನನ್ನ ಲಕ್ಷ್ಯಕ್ಕ ಬರಲಿಲ್ಲ ನೋಡು. ಊರಿಗೆ ಅನ್ಯಾಯ ಮಾಡಿದಂಗಾತು," ಎಂದು ರಿಜಿಸ್ಟರ್ ಎಳೆದುಕೊಂಡು, ಪೆನ್ ತೆಗೆದು, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದೊಂದೇ ಹನ್ನೊಂದನ್ನು ಹತ್ತು, ಇಪ್ಪತ್ತೊಂದನ್ನು ಇಪ್ಪತ್ತು ಎಂದು ಭಕ್ತಿಯಿಂದ ತಿದ್ದುತ್ತ ಹೋದರು. "ಸಾಕ್ರಿ, ಮೊದಲಿಂದ ತಿದ್ದಬ್ಯಾಡ್ರಿ," ಎಂದರೂ ಕೇಳಲಿಲ್ಲ. ಐದು ಮಂದಿ ಬಂದ ದಿನಕ್ಕೂ ಒಂದು ಹನ್ನೊಂದು ಬರೆದಿಟ್ಟಿದ್ದರಂತೆ. ಅದರ ಮುಂದೆ ಬಂದಾಗ ಪೆನ್ ನಿಲ್ಲಿಸಿ ನನ್ನನ್ನು ಕೇಳಿದರು.

"ಇದನ್ನ ಹತ್ತ ಮಾಡ್ಲ್ಯೋ, ಪೂರ್ತಿ ಸೊನ್ನೀನ ಮಾಡಿಬಿಡ್ಲ್ಯೋ? ಜ್ವರ ಲಗೂನ ಕಡಿಮಿ ಆಗಲಿ."

ತಾಯಿಯ ಡಬ್ಬಿ

ಬರಿ ಎಣಿಸಿದರೆ ಮುಗಿಯುವುದಿಲ್ಲ. ಆಗೀಗ ಕೆಲವು ರೋಗಿಗಳ ಗಂಟಲಿನಿಂದ ಹತ್ತಿಕಡ್ಡಿಯಲ್ಲಿ ದ್ರವ ತೆಗೆದು, ಸಣ್ಣ ನಳಿಗೆಗಳಲ್ಲಿ ಹಾಕಿ, ಐಸ್ ತುಂಬಿದ ನೀಲಿ ಡಬ್ಬಿಯಲ್ಲಿಟ್ಟು ಬೆಳಗಾವಿಯ ಲ್ಯಾಬಿಗೆ ಮುಟ್ಟಿಸಬೇಕು. ತಂಡದವರು ಇದನ್ನೂ ನೋಡುತ್ತಾರೆ ಎಂದು ಸಾಹೇಬರು ಎಚ್ಚರಿಸಿದ್ದರು. ಒಂದು ನಳಿಗೆ ಬಿಸಿಯಾದರೂ ನನ್ನ ಕೊರಳಿಗೇ ಬರುತ್ತದೆ.

ಸವದತ್ತಿಯಲ್ಲಿ ಮಾದರಿ ತೆಗೆದ ದಿನ ನೋಡಿದರೆ ಹುಣ್ಣಿಮೆ. ಎಲ್ಲಮ್ಮನ ಗುಡ್ಡಕ್ಕೆ ಜನವೋ ಜನ, ನಮ್ಮ ಜೀಪೂ ಆ ಬಂದೋಬಸ್ತಿಗೇ ಹೋಗಿತ್ತು. ಬೇರೆ ದಾರಿಯಿಲ್ಲದೆ ಡಬ್ಬಿ ಎತ್ತಿಕೊಂಡು ಬಸ್ ಹತ್ತಿದೆ. ಗುಡ್ಡದಿಂದ ಇಳಿದವರೇ ತುಂಬಿದ್ದರು. ಎಲ್ಲರ ಹಣೆಯ ಮೇಲೂ ಭಂಡಾರದ ಅರಿಶಿನ, ಬಸ್ಸಿನ ಗಾಳಿಯೇ ಹಳದಿಯಾಗಿತ್ತು. ಒಂದು ಕೈಯಿಂದ ಕಂಬ ಹಿಡಿದು, ಇನ್ನೊಂದರಿಂದ ಡಬ್ಬಿಯನ್ನು ಎದೆಗವಚಿಕೊಂಡು ನಿಂತೆ. ಕುಳಿತಿದ್ದ ಒಬ್ಬ ಹಿರಿಯ ಹೆಂಗಸು ನನ್ನನ್ನೇ ನೋಡುತ್ತಿದ್ದಳು.

"ಕೈ ಸೋತಾವ, ಕೆಳಗ ಇಡು ತಂಗಿ."

"ಕೆಳಗ ಇಡಬಾರದ್ರಿ."

"ನನ್ನ ಕೈಯಾಗರ ಕೊಡು."

"ಬ್ಯಾರೆ ಯಾರೂ ಮುಟ್ಟಬಾರದ್ರಿ."

"ಹೌದಾ? ತಗದರ ನೋಡಬಹುದೇನು?"

"ಮುಟ್ಟೂತನಕ ತಗೀಬಾರದ್ರಿ."

ಅಷ್ಟೇ ಸಾಕಾಯಿತು. ಅವಳ ಕೈ ತಾನಾಗಿ ಹಣೆಗೆ ಹೋಯಿತು. ಎದ್ದು ನನ್ನನ್ನು ತನ್ನ ಜಾಗದಲ್ಲಿ ಕೂಡಿಸಿ, ಸೆರಗಿನ ಗಂಟಿನಿಂದ ಭಂಡಾರ ತೆಗೆದು ಡಬ್ಬಿಗೆ ಹಚ್ಚಿ, "ಉಧೋ ಉಧೋ" ಎಂದಳು. ಹಿಂದಿನ ಸೀಟಿನವರು ಎದ್ದರು. ಮುಂದಿನವರು ತಿರುಗಿದರು. ಒಬ್ಬರಾದ ಮೇಲೆ ಒಬ್ಬರು ಬಂದು ಭಂಡಾರ ಹಚ್ಚಿ ಹೋದರು. ಯಾರೋ ಕೊಬ್ಬರಿ ಬಟ್ಟಲು ಇಟ್ಟರು. ಕಂಡಕ್ಟರ್ ಕೂಡ ಚಪ್ಪಲಿ ಬಿಟ್ಟು ಬಂದ.

"ಅಮ್ಮಾ, ಇದರಾಗ ಮಂದಿ ಗಂಟಲದಾಗಿಂದ ತಗದದ್ದೈತ್ರಿ, ದೇವರಲ್ರಿ," ಎಂದು ನಾನು ಗೋಗರೆದೆ.

"ಎಲ್ಲಾ ಆಕೀ ಕೊಟ್ಟದ್ದ ತಗೋ ತಂಗಿ," ಎಂದು ಅವಳು ಇನ್ನೊಂದು ಚಿಟಿಕೆ ಹಚ್ಚಿದಳು.

ಬೆಳಗಾವಿ ಮುಟ್ಟುವ ಹೊತ್ತಿಗೆ ನೀಲಿ ಡಬ್ಬಿಯಲ್ಲಿ ನೀಲಿ ಕಾಣುತ್ತಿರಲಿಲ್ಲ. ಲ್ಯಾಬಿನ ತಂತ್ರಜ್ಞ ಅದನ್ನು ಸುತ್ತು ಹಾಕಿ ನೋಡಿದ, ಏನೂ ಕೇಳಲಿಲ್ಲ. ಅವನೂ ಈ ಕಡೆಯವನೇ. ಮೂರನೆಯ ದಿನ ಫೋನ್ ಮಾಡಿದ.

"ಅಕ್ಕಾರ, ಎಲ್ಲಾ ನೆಗೆಟಿವ್. ನಿಮ್ಮ ನಾಲ್ಕೂ ತಾಲೂಕಿನ ಮಾದರಿ ಇನ್ನ ಮ್ಯಾಲ ಹುಣ್ಣಿವಿ ನೋಡೇ ತರ್ರಿ."

ಯಾರ ಜಿಲ್ಲೆಯ ಜ್ವರ

ರಾಮದುರ್ಗದ ಆಚೆ, ನಮ್ಮ ಜಿಲ್ಲೆ ಮುಗಿದು ಪಕ್ಕದ ಜಿಲ್ಲೆ ಶುರುವಾಗುವ ಕಡೆ, ಗಡಿಗೆರೆ ನಡುವೆಯೇ ಹಾಯುವಂತೆ ಹೊಲದಲ್ಲೇ ಒಂದು ಮನೆ. ಆ ಮನೆಯ ಗೌಡನಿಗೆ ವಾರದಿಂದ ಜ್ವರ. ಅವನು ಒಂದು ದಿನ ನಮ್ಮ ಕಡೆಯ ದವಾಖಾನೆಗೆ ಹೋಗಿದ್ದ, ಮರುದಿನ ಆಚೆ ಕಡೆಯದಕ್ಕೆ. ಎರಡೂ ಕಡೆಯವರು ಅವನನ್ನು ಬರೆದುಕೊಂಡಿದ್ದರೆ ಒಂದು ಜ್ವರ ಎರಡಾಗುತ್ತಿತ್ತು. ಇಬ್ಬರೂ ಬಿಟ್ಟಿದ್ದರೆ ಇದ್ದದ್ದೂ ಮಾಯ. ತಂಡ ಇಂಥದ್ದನ್ನೇ ಹುಡುಕುತ್ತದೆ.

ಆಚೆ ಜಿಲ್ಲೆಯಲ್ಲಿ ನನ್ನಂಥದೇ ಕೆಲಸ ಮಾಡುವವರು ಒಬ್ಬರಿದ್ದಾರೆ. ನನಗಿಂತ ಎರಡು ವರ್ಷ ಹೆಚ್ಚು ದಣಿದವರು. ಬರೆದುಕೊಂಡವರ ಮೇಲೆಯೇ ಕಾಗದಪತ್ರದ ಕೆಲಸವೆಲ್ಲ ಬೀಳುವುದರಿಂದ, ಫೋನಿನಲ್ಲಿ ಬಗೆಹರಿಯದೆ ಇಬ್ಬರೂ ಆ ಮನೆಗೇ ಹೋದೆವು. ಗೌಡ ಪಡಸಾಲೆಯಲ್ಲಿ ಹೊರಸಿನ ಮೇಲೆ ಮಲಗಿದ್ದ.

"ಮತದಾರರ ಚೀಟಿ ನಿಮ್ಮ ಜಿಲ್ಲಾದ್ದು. ಅಂದ್ರ ಇವರು ನಿಮ್ಮವ್ರು," ಎಂದರು ಅವರು.

"ರೇಷನ್ ಕಾರ್ಡ್ ನಿಮ್ಮ ಕಡೇದು. ಅಂದ್ರ ನಿಮ್ಮವ್ರು," ಎಂದೆ ನಾನು.

"ತಲಬಾಗಲಾ ನಿಮ್ಮ ಕಡೆ ತೆರೀತೈತಿ."

"ಹಿತ್ತಲಾ ನಿಮ್ಮ ಕಡೆ ಐತಲ್ರಿ."

ಅವರು ಬಗ್ಗಿ, "ಗೌಡ್ರ, ಜ್ವರ ಬಂದ ಹೊತ್ತಿನ್ಯಾಗ ಎಲ್ಲಿ ಮಲಗಿದ್ರಿ?" ಎಂದರು. ಗೌಡ ನರಳುತ್ತ, "ಪಡಸಾಲ್ಯಾಗ್ರಿ," ಎಂದ. "ಪಡಸಾಲಿ ನಿಮ್ಮ ಕಡೆ, ನೋಡ್ರಿ ಮತ್ತ!" ಎಂದು ಅವರು ಗೆದ್ದವರಂತೆ ಎದ್ದರು. ನಾನು ಬಿಡಲಿಲ್ಲ, "ಚಳಿ ಮೊದಲ ಎಲ್ಲಿ ಹತ್ತೇತಿ?" ಎಂದೆ. "ದನದ ಮನ್ಯಾಗ್ರಿ," ಎಂದ. ದನದ ಮನೆ ಆಚೆ ಜಿಲ್ಲೆ. ಹೀಗೆ ಅರ್ಧ ತಾಸು ನಡೆಯಿತು. ಅಷ್ಟು ಹೊತ್ತಿನಲ್ಲಿ ನಾವಿಬ್ಬರೂ ಅವನಿಗೆ ಒಂದು ಲೋಟ ನೀರು ಬೇಕೇ ಎಂದು ಕೇಳಿರಲಿಲ್ಲ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ನೀರು ತಂದವಳು ಅವನ ಹೆಂಡತಿ. ಗಂಡನಿಗೆ ಕುಡಿಸಿ, ಸೆರಗಿನಿಂದ ಅವನ ಬಾಯಿ ಒರೆಸಿ, ನಮ್ಮ ಕಡೆ ತಿರುಗಿದಳು.

"ಹೊಲದ ಬದುವಿನ ಸಂಬಂಧ ಜಗಳಾಡೂದ ಬಾಳ ನೋಡೇನ್ರಿ. ಎಲ್ಲಾರೂ ನಂದು ನಂದು ಅಂತಾರ. ನಿಂದು ನಿಂದು ಅಂತ ಜಗಳಾಡೂ ಮಂದಿನ್ನ ಇವತ್ತ ನೋಡಿದ್ನಿ."

ಗೌಡನನ್ನು ನನ್ನ ಹಾಳೆಗೇ ಬರೆದುಕೊಂಡೆ.

ತಂಡ ಬಂದ ದಿನ

ಫೆಬ್ರುವರಿ ಮುಗಿಯುವಾಗ ತಂಡ ಬಂತು. ಯಾವ ದವಾಖಾನೆ ಆರಿಸಿದ್ದಾರೆ ಎಂದು ಹಿಂದಿನ ದಿನ ಮಧ್ಯಾಹ್ನ ಸಾಹೇಬರು ಫೋನ್ ಮಾಡಿ ಹೇಳಿದಾಗ ನಾನು ಕುಳಿತಲ್ಲಿಂದಲೇ ಕೈ ಮುಗಿದೆ. ಕಿತ್ತೂರು ತಾಲೂಕಿನ ಒಂದು ಸಣ್ಣ ಹಳ್ಳಿಯ ಸರಕಾರಿ ದವಾಖಾನೆ ಅದು. ಅಲ್ಲಿಯ ನರ್ಸಮ್ಮ ಇಡೀ ನಾಲ್ಕು ತಾಲೂಕಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆಯುವ ಒಂದೇ ಜೀವ. ಆ ವಾರ ಅವರು ಹೇಳಿದ್ದು ಮೂರು. ನನ್ನ ಹಾಳೆಯಲ್ಲೂ ಮೂರು. ರಿಜಿಸ್ಟರಿನಲ್ಲಿ ಹೆಸರು ಸಮೇತ ಮೂರು. ನನ್ನ ನೌಕರಿ ಉಳಿಯಿತು ಎಂದು ಮನೆಯಲ್ಲಿ ಹೇಳಿಯೂಬಿಟ್ಟೆ.

ಆದರೂ ಮನಸ್ಸು ತಡೆಯದೆ ನರ್ಸಮ್ಮನಿಗೆ ಫೋನ್ ಮಾಡಿದೆ. ಎಲ್ಲಾ ಕೆಟ್ಟದ್ದು ಅಲ್ಲಿಯೇ.

"ನಾಳೆ ತಂಡ ನಿಮ್ಮಲ್ಲೇ ಬರತೈತ್ರಿ. ನನ್ನ ನೌಕರಿ ಇರೂದು ಹೋಗೂದು ನಿಮ್ಮೂರಿನ ಕೈಯಾಗ ಐತಿ."

"ಯಾಕ್ ಚಿಂತಿ ಮಾಡತೀರಿ, ಮೂರ ಅದಾವಲ್ಲ, ಮೂರ ತೋರಸೂದು," ಎಂದರು ನರ್ಸಮ್ಮ.

ಅವರು ಆ ಹೊತ್ತಿನಲ್ಲಿ ಊರಿನ ಹೆಂಗಸರ ಸಂಘದ ಸಭೆಯಲ್ಲಿ ಕುಳಿತಿದ್ದರು, ಕೈಯಲ್ಲಿ ಶಾವಿಗೆ ಹಿಟ್ಟು ಇದ್ದದ್ದರಿಂದ ಫೋನನ್ನು ಸ್ಪೀಕರಿಗೆ ಹಾಕಿ ನಡುವೆ ಇಟ್ಟಿದ್ದರು ಎಂಬುದು ನನಗೆ ಆಮೇಲೆ ಗೊತ್ತಾಯಿತು. ಸಭೆಯಲ್ಲಿ ಇಪ್ಪತ್ತು ಮಂದಿ ಇದ್ದರು, ನರ್ಸಮ್ಮ ಎದ್ದು ಹೋದ ಮೇಲೂ ಅವರು ಕುಳಿತೇ ಇದ್ದರಂತೆ. ಒಂಬತ್ತು ವರ್ಷದಲ್ಲಿ ಅವರಲ್ಲಿ ಯಾರ ಮನೆಯ ರೊಟ್ಟಿಯನ್ನೂ ಉಣ್ಣದೆ ನಾನು ಬಿಟ್ಟಿಲ್ಲ.

ಮರುದಿನ ಬೆಳಿಗ್ಗೆ ತಂಡದ ಜೊತೆ ಜೀಪಿನಲ್ಲಿ ಹೋದೆ. ತಂಡದ ಹಿರಿಯರು ಮಾತು ಕಡಿಮೆ ಆಡುವ, ಕಣ್ಣು ಜಾಸ್ತಿ ಆಡಿಸುವ ಮನುಷ್ಯ. ಜೀಪ್ ದವಾಖಾನೆಯ ತಿರುವಿಗೆ ಬಂದಾಗ ಒಂದು ಸದ್ದು ಕೇಳಿಸಿತು. ಊರು ಕೆಮ್ಮುತ್ತಿತ್ತು.

ಅಂಗಳದಲ್ಲಿ ಏನಿಲ್ಲೆಂದರೂ ನಲವತ್ತು ಮಂದಿ. ಕಟ್ಟೆಯ ಮೇಲೆ, ಬೇವಿನ ಮರದ ಕೆಳಗೆ, ಕಾಂಪೌಂಡಿನ ಗೋಡೆಗೆ ಆತು, ಎಲ್ಲರೂ ಕೆಮ್ಮುತ್ತಿದ್ದರು. ನಮ್ಮನ್ನು ನೋಡಿದ್ದೇ ಸದ್ದು ಇನ್ನೂ ಏರಿತು. ಹಿರಿಯರು ಒಳಗೆ ಹೋಗಿ ರಿಜಿಸ್ಟರ್ ತೆರೆದರು, ನನ್ನ ಹಾಳೆ ಪಕ್ಕಕ್ಕಿಟ್ಟರು, ಕಿಟಕಿಯಿಂದ ಅಂಗಳ ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ವಾರಕ್ಕೆ ಮೂರು?"

"ಮೂರೇ ಸರ್," ಎಂದೆ. ನನ್ನ ದನಿ ನನಗೇ ಸುಳ್ಳಿನಂತೆ ಕೇಳಿಸಿತು.

"ಹೊರಗೆ ನಲವತ್ತು ಜನ ಇದ್ದಾರೆ."

ನರ್ಸಮ್ಮ ಬೆವರುತ್ತಿದ್ದರು. ಮೂರು ಇದ್ದಾಗ ನಾಲ್ಕೆಂದು ಎಂದೂ ಬರೆಯದ ಅವರಿಗೆ ಏನಾಗಿದೆ ಎಂದೇ ತಿಳಿಯಲಿಲ್ಲ. ತಂಡದ ಇನ್ನೊಬ್ಬರು ಆಗಲೇ ಮುಖಕ್ಕೆ ಮಾಸ್ಕ್ ಏರಿಸಿ, ಇಷ್ಟು ದೊಡ್ಡ ಫ್ಲೂ ಮುಚ್ಚಿಟ್ಟಿದ್ದಾರೆ, ಮೇಲೆ ತಿಳಿಸಬೇಕು ಎಂದು ಫೋನ್ ತೆಗೆದಿದ್ದರು. ಒಂಬತ್ತು ವರ್ಷದಲ್ಲಿ ಬಾಗಿಲು ಮುಚ್ಚಿದ ದವಾಖಾನೆಯ ಅಂಕಿ ಕಳಿಸಿದ್ದೇನೆ, ಶುಭದ ಅಂಕಿ ಕಳಿಸಿದ್ದೇನೆ, ಒಂದೂ ಸಿಕ್ಕಿಬೀಳಲಿಲ್ಲ. ಇದೊಂದು ಅಪ್ಪಟ ನಿಜದ ಅಂಕಿ, ಇದಕ್ಕೇ ನನ್ನ ನೌಕರಿ ಹೋಗುತ್ತದಲ್ಲ ಎಂದು ಅಳು ಬಂತು.

ಹಿರಿಯರು ತಾಪಮಾಪಕ ತರಿಸಿ ತಾವೇ ಅಂಗಳಕ್ಕಿಳಿದರು. ಮೊದಲನೆಯವನಿಗೆ ಜ್ವರವಿಲ್ಲ. ಎರಡನೆಯವಳಿಗಿಲ್ಲ. ಹತ್ತು ಜನರಾದರೂ ಇಲ್ಲ. ಇಬ್ಬರು ಹೆಂಗಸರು ಪಾಳಿ ಹಚ್ಚಿಕೊಂಡಿದ್ದರು, ಒಬ್ಬಳು ಕೆಮ್ಮುವಾಗ ಇನ್ನೊಬ್ಬಳು ಸೊಪ್ಪು ಸೋಸುತ್ತಿದ್ದಳು. ಕೆಮ್ಮಲು ಬಾರದ ಒಬ್ಬ ಮುದುಕ ನಸ್ಯದ ಡಬ್ಬಿ ತೆರೆದು ಪಕ್ಕದವರಿಗೂ ಹಂಚಿ ಎಲ್ಲರೂ ಸೀನುವಂತೆ ನೋಡಿಕೊಂಡಿದ್ದ. ಹಿರಿಯರ ಹುಬ್ಬು ಮೇಲೇರಿತು. ಅವರು ಎಲ್ಲರಿಗಿಂತ ಜೋರಾಗಿ ಕೆಮ್ಮುತ್ತಿದ್ದ ಒಬ್ಬ ಅಜ್ಜಿಯ ಮುಂದೆ ಕುಳಿತರು.

"ಅಜ್ಜಿ, ಕೆಮ್ಮು ಯಾವಾಗಿನಿಂದ?"

"ಮುಂಜಾನಿ ಎಂಟರಿಂದ್ರಿ."

"ಗಂಟೆ ಅಷ್ಟು ಸರಿಯಾಗಿ ಹೇಗೆ ಗೊತ್ತು?"

"ಎಂಟಕ್ಕ ಎಲ್ಲಾರೂ ಬರ್ರಿ ಅಂತ ಸಂಘದಾಗ ಹೇಳಿದ್ರಲ್ರಿ."

ಸುತ್ತಲಿನ ಕೆಮ್ಮು ಒಮ್ಮೆಲೇ ನಿಂತಿತು. ಯಾರೋ ಅಜ್ಜಿಯ ಸೆರಗು ಎಳೆದರು. ಅಜ್ಜಿ ಅವರ ಕೈ ಕೊಡವಿ ನನ್ನ ಕಡೆ ಬೆರಳು ಮಾಡಿದಳು.

"ಈಕಿ ಕೆಮ್ಮ ಎಣಸಾಕಿ ಅದಾಳ್ರಿ ಸಾಹೇಬ್ರ. ಊರಾಗ ಮೂರ ಮಂದಿ ಅಷ್ಟ ಕೆಮ್ಮತಾರಂದ್ರ ಈಕಿ ನೌಕರಿ ಹೆಂಗ ಉಳೀಬೇಕು? ಎಣಸಾಕ ಏನರ ಇರಬೇಕಲ್ರಿ. ನಮ್ಮ ಸಲುವಾಗಿ ಬಿಸಲಾಗ ಬಸ್ಸಿಗೆ ನಿಂತ ನಿಂತ ಮಂಡಿ ಕಳಕೊಂಡಾಳ. ಒಂದ ದಿನಾ ಕೆಮ್ಮಿದ್ರ ನಮ್ಮ ಗಂಟೇನ ಹೋಗತೈತಂತ ಎಲ್ಲಾರೂ ಬಂದ್ವಿ."

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಮೇಲಿನವರಿಂದ ಒಂಬತ್ತು ವರ್ಷದಲ್ಲಿ ಒಂದು ಒಳ್ಳೆಯ ಮಾತು ಕೇಳಿದವಳಲ್ಲ ನಾನು. ಮುಖಕ್ಕೆ ಸೆರಗು ಹಿಡಿದೆ.

ಹಿರಿಯರು ಎದ್ದು ನಿಂತು ಅಂಗಳದ ಕಡೆ ತಿರುಗಿದರು. "ಹೋದ ವಾರ ನಿಜವಾಗಿ ಜ್ವರ, ಕೆಮ್ಮು ಅಂತ ಇಲ್ಲಿ ತೋರಿಸಿದವರು ಎಷ್ಟು ಮಂದಿ? ಕೈ ಎತ್ತಿ."

ಮೂರು ಕೈ ಎದ್ದವು. ಹಿರಿಯರು ರಿಜಿಸ್ಟರ್ ತರಿಸಿ ಅಲ್ಲಿಯೇ ಹೆಸರು ಕೂಗಿ ನೋಡಿದರು. ಮೂರೂ ಹೆಸರು ತಾಳೆಯಾದವು. ಇಷ್ಟು ವರ್ಷದಲ್ಲಿ ಊರ ಮುಂದೆ ನಿಲ್ಲಿಸಿ ಖಾತ್ರಿ ಮಾಡಿಕೊಂಡ ಅಂಕಿ ತಾವು ಇದೊಂದೇ ನೋಡಿದ್ದು ಎಂದು ಹೇಳಿ, ನನ್ನ ಹಾಳೆಯ ಕೆಳಗೆ ಸಹಿ ಹಾಕಿದರು. ಆಮೇಲೆ, ಅಲ್ಲಿಯವರೆಗೆ ನಗದಿದ್ದ ಮನುಷ್ಯ, ಅಜ್ಜಿಯ ಕಡೆ ಬಗ್ಗಿ ಹೇಳಿದರು.

"ಅಜ್ಜಿ, ನನ್ನ ಕಡೆಯಿಂದ ಅಡ್ಡಿಯಿಲ್ಲ. ಇವರ ನೌಕರಿ ಉಳೀತು. ಇನ್ನು ಕೆಮ್ಮೋದು ನಿಲ್ಲಿಸಬಹುದು."

ಅಜ್ಜಿ ಗಂಟಲು ಹಿಡಿದುಕೊಂಡು ಒಮ್ಮೆ ಉಗುಳು ನುಂಗಿ ನೋಡಿದಳು.

"ನಿಲ್ಲಸಾಕ ಹೊಂಟೇನ್ರಿ, ನಿಲ್ಲವಲ್ದು. ಈಗ ಖರೇನ ಹತ್ತೇತಿ," ಎಂದು ನನ್ನ ಕಡೆ ತಿರುಗಿದಳು. "ಏ ತಂಗಿ, ನಾಕು ಮಾಡು."